ಅಲ್ಲಿನಗರದ ಚಿನ್ನಸ್ವಾಮಿ ಕೊಳ್ಳೇಗಾಲಕ್ಕೆ ಬಂದಾಗ

ತಮಿಳು ಸಿನಿಮಾದಲ್ಲಿ ಹಳ್ಳಿ ಎಂದರೆ ಅಲ್ಲಿನ ಎರಡು ತಲೆಮಾರಿನ ಪ್ರೇಕ್ಷಕರ ಕಣ್ಣ ಮುಂದೆ ಬರುವುದು ‘ಪದಿನಾರು ವಯದಿನಿಲೇ’. 1977ರ ಸೆಪ್ಟೆಂಬರ್ 15ರಂದು ತೆರೆಕಂಡ ಚಿತ್ರ. ಕೌಪೀನ ಸಿಕ್ಕಿಸಿಕೊಂಡು, ಎಲೆ-ಅಡಿಕೆ ಜಗಿದು ಹಲ್ಲು ಕೆಂಪು ಮಾಡಿಕೊಂಡು, ಕಾಲೆಳೆಯುತ್ತ ನಡೆಯುವ ಚಪ್ಪಾಣಿ ಕಮಲ್ ಹಾಸನ್. ಟೀಚರ್ ಆಗುವ ಕನಸು ಕಾಣುವ ಹದಿನಾರರ ಮಯಿಲ್ ಶ್ರೀದೇವಿ. ಊರ ಪುಂಡ ಪರಟ್ಟೈ ರಜನಿಕಾಂತ್. ತಮಿಳರು ‘ನಮ್ಮ ಮಣ್ಣಿನ ವಾಸನೆ’ ಎಂದು ಅರ್ಧ ಶತಮಾನದಿಂದ ಕೊಂಡಾಡುತ್ತಿರುವ ಆ ಮಣ್ಣು ಮಾತ್ರ ಬಹುಮಟ್ಟಿಗೆ ನಮ್ಮ ಕೊಳ್ಳೇಗಾಲದ್ದು. ಚಿತ್ರದ ಹೆಚ್ಚಿನ ಭಾಗ ಚಿತ್ರೀಕರಣವಾದದ್ದು ಅಲ್ಲೇ. ಒಂದು ಲೆಕ್ಕಕ್ಕೆ ಇದರಲ್ಲಿ ಅಚ್ಚರಿಯೇನೂ ಇಲ್ಲ ಬಿಡಿ. 1956ರಲ್ಲಿ ರಾಜ್ಯಗಳ ಗಡಿ ಹೊಸದಾಗಿ ಎಳೆಯುವವರೆಗೆ ಕೊಳ್ಳೇಗಾಲ ಇದ್ದದ್ದು ಮದ್ರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಯಲ್ಲಿ.

ಕೊಳ್ಳೇಗಾಲಕ್ಕೆ ಬಂದಿಳಿದ ನಿರ್ದೇಶಕನಿಗೆ ಅದು ಮೊದಲ ಚಿತ್ರ. ವಯಸ್ಸು ಮೂವತ್ತೈದು ದಾಟಿತ್ತು. ಹೆತ್ತವರಿಟ್ಟ ಹೆಸರು ಚಿನ್ನಸ್ವಾಮಿ, ಊರು ತೇನಿಗೆ ಅಂಟಿಕೊಂಡಿರುವ ಅಲ್ಲಿನಗರ. ಸಿನಿಮಾ ಕಲಿಸುವ ಶಾಲೆಗಳು ಆ ಹೊತ್ತಿಗೆ ಇರಲಿಲ್ಲವೆಂದಲ್ಲ. ಪುಣೆಯ ಸಂಸ್ಥೆ 1960ರಲ್ಲೇ ಶುರುವಾಗಿತ್ತು, ಮದ್ರಾಸಿನ ಅಡಯಾರಿನಲ್ಲೂ ಒಂದಿತ್ತು. ಚಿನ್ನಸ್ವಾಮಿ ಎರಡರ ಬಾಗಿಲನ್ನೂ ತಟ್ಟಿದವನಲ್ಲ. ಜಗತ್ತು ಅವನನ್ನು ಭಾರತಿರಾಜ ಎಂದು ಗುರುತಿಸುವ ಹೊತ್ತಿಗೆ ಅವನು ಬೇರೆಯವರ ಸೆಟ್‌ಗಳಲ್ಲಿ ವರ್ಷಗಟ್ಟಲೆ ನಿಂತು, ನೋಡಿ, ಬೈಸಿಕೊಂಡು ಕಸುಬು ಕಲಿತಾಗಿತ್ತು. ಆ ಸೆಟ್‌ಗಳಲ್ಲಿ ಬಹಳ ಮುಖ್ಯವಾದದ್ದು ಒಬ್ಬ ಕನ್ನಡಿಗರದು.

ತೇನಿ ಈಗ ಜಿಲ್ಲೆ, ಆಗಿರಲಿಲ್ಲ. 1996ರವರೆಗೆ ಅದು ಮದುರೈ ಜಿಲ್ಲೆಯ ಪಶ್ಚಿಮದ ಅಂಚು. ಪಶ್ಚಿಮಘಟ್ಟದ ಗೋಡೆ ಒಂದು ಕಡೆ, ಮೇಘಮಲೈ–ವರುಷನಾಡು ಬೆಟ್ಟಗಳು ಇನ್ನೊಂದು ಕಡೆ, ನಡುವೆ ಕಂಬಂ ಕಣಿವೆ. 1895ರಲ್ಲಿ ಪೆನ್ನಿಕ್ವಿಕ್ ಎಂಬ ಇಂಗ್ಲಿಷ್ ಎಂಜಿನಿಯರ್ ಕಟ್ಟಿ ಮುಗಿಸಿದ ಮುಲ್ಲಪೆರಿಯಾರ್ ಅಣೆಕಟ್ಟಿನ ನೀರು ಬೆಟ್ಟ ಕೊರೆದ ಸುರಂಗದಲ್ಲಿ ಹಾದು ಕಣಿವೆಗೆ ಇಳಿಯುತ್ತದೆ. ಹಾಗಾಗಿ ಕೆಳಗೆ ಭತ್ತ, ತೆಂಗು, ದ್ರಾಕ್ಷಿ. ಮೇಲೆ ಕೇರಳದ ಮಗ್ಗುಲಲ್ಲಿ ಏಲಕ್ಕಿ ತೋಟ. ಆಂಡಿಪಟ್ಟಿ ದಾಟಿ ಉಸಿಲಂಪಟ್ಟಿಯ ಕಡೆ ಹೊರಳಿದರೆ ಸಾಕು, ಹಸಿರು ಮುಗಿದು ಜಾಲಿಮುಳ್ಳಿನ ಬಯಲು. ಒಂದೇ ದಿನದ ಬಸ್ ಪ್ರಯಾಣದಲ್ಲಿ ಎರಡು ಲೋಕ. ಈ ಸೀಮೆ ಕನ್ನಡಕ್ಕೆ ಅಷ್ಟೊಂದು ದೂರದ್ದೂ ಅಲ್ಲ. ಕಂಬಂ, ಬೋಡಿ, ದಿಂಡಿಗಲ್ ಕಡೆ ನೆಲೆಸಿರುವ ಕಪ್ಪಿಲಿಯರು, ಅನುಪ್ಪರು, ದೇವಾಂಗರಲ್ಲಿ ಮನೆಯೊಳಗೆ ಒಂದು ಬಗೆಯ ಕನ್ನಡ ಆಡುವವರಿದ್ದಾರೆ. ಯಾವುದೋ ಕಾಲದಲ್ಲಿ ವಲಸೆ ಹೋದ ಕನ್ನಡ ಅದು, ತಮಿಳಿನ ಧಾಟಿಗೆ ಒಗ್ಗಿಕೊಂಡಿದೆ.

ಚಿನ್ನಸ್ವಾಮಿಗೆ ಸಿಕ್ಕ ಮೊದಲ ಕೆಲಸ ಹೆಲ್ತ್ ಇನ್‌ಸ್ಪೆಕ್ಟರನದು. ಸರ್ಕಾರಿ ನೌಕರಿ, ಆ ಕಾಲದ ಹಳ್ಳಿ ಮನೆಗಳಿಗೆ ಅದಕ್ಕಿಂತ ದೊಡ್ಡ ಭಾಗ್ಯವಿರಲಿಲ್ಲ. ಊರೂರು ಅಲೆಯುವ ಆ ಕೆಲಸ, ಮುಂದೆ ನೋಡಿದರೆ, ಯಾವ ಸಿನಿಮಾ ಶಾಲೆಯೂ ಕಲಿಸದ ಪಾಠ ಕಲಿಸಿತೆನ್ನಬೇಕು. ಯಾರ ಜಗಲಿಯಲ್ಲಿ ಯಾರು ಕೂರಬಹುದು, ಯಾರು ಕೂರುವಂತಿಲ್ಲ, ಯಾವ ಕೇರಿಗೆ ಯಾವ ಬಾವಿ, ಹೆಂಗಸರು ಯಾರ ಎದುರು ದನಿ ಎತ್ತುತ್ತಾರೆ, ಯಾರ ಎದುರು ಸೆರಗು ಸರಿಮಾಡಿಕೊಳ್ಳುತ್ತಾರೆ — ಇದನ್ನೆಲ್ಲ ಮನೆಯಿಂದ ಮನೆಗೆ ಹೋಗುವವನು ನೋಡುವಷ್ಟು ಬೇರೆ ಯಾರು ನೋಡಿಯಾರು? ಮುಂದೆ ಅವನ ಚಿತ್ರಗಳಲ್ಲಿ ಕಥೆ ಸೊರಗಿದಾಗಲೂ ಈ ವಿವರಗಳು ಸೊರಗಲಿಲ್ಲ.

ಹಾಗೆ ಬೆಳೆದ ಸ್ನೇಹಗಳಲ್ಲಿ ಒಂದು, ಕಣಿವೆಯ ಪಣ್ಣೈಪುರದ ಒಂದು ಹಾಡುಗಾರ ಕುಟುಂಬದ್ದು. ಹಿರಿಯಣ್ಣ ಪಾವಲರ್ ವರದರಾಜನ್ ಕಮ್ಯುನಿಸ್ಟ್ ಪಕ್ಷದ ಸಭೆಗಳಲ್ಲಿ ಹಾಡುತ್ತಿದ್ದರು. ತಮ್ಮಂದಿರು ಭಾಸ್ಕರ್, ರಾಜಯ್ಯ, ಅಮರ್ ಹಾರ್ಮೋನಿಯಂ, ಗಿಟಾರು ಹಿಡಿದು ಅವರ ಹಿಂದೆ ಊರೂರು ತಿರುಗಿದವರು. ಆ ರಾಜಯ್ಯನೇ ಇಳಯರಾಜ. ಚಿನ್ನಸ್ವಾಮಿಗೆ ನಾಟಕದ ಹುಚ್ಚು, ಬರೆಯುವುದು, ಆಡಿಸುವುದು, ತಾನೇ ಆಡುವುದು. ಅವನ ನಾಟಕಗಳಿಗೆ ಸಂಗೀತ ಈ ಸಹೋದರರದು. ಚಿನ್ನಸ್ವಾಮಿ, ಇಳಯರಾಜ ಇಬ್ಬರೂ ಸೇರಿ ತಮಿಳು ಸಿನಿಮಾವನ್ನು ಅಲ್ಲಾಡಿಸುವುದಕ್ಕೆ ಬಹಳ ಮೊದಲೇ ಹಳ್ಳಿಯ ರಂಗದ ಮೇಲೆ ಒಟ್ಟಿಗೆ ಕೆಲಸ ಮಾಡಿದ್ದರು.

ನೌಕರಿ ಬಿಟ್ಟು ಮದ್ರಾಸಿಗೆ ಹೋದವನ ಮುಂದಿನ ಕೆಲವು ವರ್ಷಗಳ ಕಥೆ ಕೋಡಂಬಾಕ್ಕಂನ ಸಾವಿರಾರು ಹುಡುಗರ ಕಥೆಯೇ, ಅದನ್ನು ಹಿಗ್ಗಿಸಿ ಹೇಳಬೇಕಾದ್ದಿಲ್ಲ. ಅವನು ಕೊನೆಗೆ ಯಾರ ಹಿಂದೆ ನಿಂತ ಎಂಬುದು ಮುಖ್ಯ. ಅರವತ್ತರ ದಶಕದ ಮದ್ರಾಸು ಅಂದರೆ ದಕ್ಷಿಣದ ನಾಲ್ಕೂ ಭಾಷೆಗಳ ಸಿನಿಮಾ ಕಾರ್ಖಾನೆ. ಕನ್ನಡ ಚಿತ್ರಗಳ ಲ್ಯಾಬು, ರೆಕಾರ್ಡಿಂಗು, ಒಳಾಂಗಣ ಚಿತ್ರೀಕರಣ ಬಹುಪಾಲು ಅಲ್ಲೇ ನಡೆಯುತ್ತಿತ್ತು. ಅಲ್ಲಿ ಎಸ್.ಆರ್. ಪುಟ್ಟಣ್ಣ ಕಣಗಾಲ್ ಎಂಬ ನಿರ್ದೇಶಕರಿದ್ದರು. ಪಿರಿಯಾಪಟ್ಟಣ ತಾಲ್ಲೂಕಿನ ಕಣಗಾಲಿನಿಂದ ಬಂದು, ಬಿ.ಆರ್. ಪಂತುಲು ಅವರ ಗರಡಿಯಲ್ಲಿ ಪಳಗಿ, ಕನ್ನಡಕ್ಕೆ ಮೊದಲೇ ಮಲಯಾಳಂನಲ್ಲಿ ನಿರ್ದೇಶಕರಾಗಿದ್ದವರು. ತಮಿಳಿನಲ್ಲೂ ಚಿತ್ರಗಳನ್ನು ಮಾಡಿದರು. 1967ರ ‘ಬೆಳ್ಳಿಮೋಡ’ ಅವರಿಗೆ ಕನ್ನಡದಲ್ಲಿ ನೆಲೆ ಕೊಟ್ಟಿತು. ಈ ಪುಟ್ಟಣ್ಣನವರ ಬಳಿ ತೇನಿಯ ಹುಡುಗ ಸಹಾಯಕನಾಗಿ ಸೇರಿಕೊಂಡ. ಆಮೇಲೆ ಪಿ. ಪುಲ್ಲಯ್ಯ, ಎಂ. ಕೃಷ್ಣನ್ ನಾಯರ್, ಅವಿನಾಶಿ ಮಣಿ, ಎ. ಜಗನ್ನಾಥನ್ ಅವರ ಬಳಿಯೂ ದುಡಿದ. ಆದರೆ ಭಾರತಿರಾಜರ ಗುರು ಯಾರೆಂದು ಕೇಳಿದರೆ ತಮಿಳು ಸಿನಿಮಾ ಇವತ್ತಿಗೂ ಮೊದಲು ಹೇಳುವುದು ಪುಟ್ಟಣ್ಣನ ಹೆಸರನ್ನೇ.

ಸಹಾಯಕ ನಿರ್ದೇಶಕನ ಕೆಲಸ ಹೊರಗಿನವರಿಗೆ ಕಾಣುವಷ್ಟು ಘನವಾದದ್ದಲ್ಲ. ಕ್ಲ್ಯಾಪ್ ಹೊಡೆಯುವುದು, ನಟನಿಗೆ ಮಾತು ಒಪ್ಪಿಸುವುದು, ಹಿಂದಿನ ಶಾಟ್‌ನಲ್ಲಿ ಹೂವು ಎಡಗಡೆ ಮುಡಿದಿದ್ದಳೋ ಬಲಗಡೆಯೋ ಎಂದು ಬರೆದಿಡುವುದು, ಊಟದ ಬಂಡಿ ತಡವಾದರೆ ಬೈಸಿಕೊಳ್ಳುವುದು. ಕಲಿಕೆ ನಡೆಯುವುದು ಈ ಕೆಲಸಗಳ ಸಂದಿಯಲ್ಲಿ. ಒಂದು ದೃಶ್ಯವನ್ನು ನಿರ್ದೇಶಕ ಎಲ್ಲಿ ಕತ್ತರಿಸುತ್ತಾನೆ, ಕ್ಯಾಮೆರಾ ಎಲ್ಲಿಡುತ್ತಾನೆ, ಏಕೆ ಅಲ್ಲಿ ಎಂದು ಯಾರೂ ವಿವರಿಸುವುದಿಲ್ಲ. ನೋಡಿಯೇ ತಿಳಿಯಬೇಕು.

ಪುಟ್ಟಣ್ಣನ ಸೆಟ್‌ನಲ್ಲಿ ನೋಡಲಿಕ್ಕೆ ಬೇಕಾದಷ್ಟಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ, ತ.ರಾ.ಸು. ಕಾದಂಬರಿಗಳಿಂದ ಕಥೆ ತರುತ್ತಿದ್ದ ಅವರು ಹೆಣ್ಣಿನ ಒಳಗನ್ನೇ ಚಿತ್ರದ ಬೆನ್ನೆಲುಬಾಗಿಸುತ್ತಿದ್ದರು. ‘ಗೆಜ್ಜೆಪೂಜೆ’ಯ ಚಂದ್ರಾ, ‘ಶರಪಂಜರ’ದ ಕಾವೇರಿಯ ಸುತ್ತ ಗಂಡಸರು ಬಂದು ಹೋಗುತ್ತಾರೆ ಅಷ್ಟೆ. ಹಾಡು ಬಂದರೆ ಕಥೆ ನಿಲ್ಲಿಸಿ ಕುಣಿಸುವ ರೂಢಿಯನ್ನು ಅವರು ಒಪ್ಪಲಿಲ್ಲ. ಹಾಡಿನಲ್ಲೇ ಕಥೆಯನ್ನು ಮುಂದಕ್ಕೆ ತಳ್ಳುತ್ತಿದ್ದರು. ಬೆಟ್ಟ, ಮೋಡ, ತೋಟ, ಕೋಟೆ ಪಾತ್ರದ ಮನಸ್ಸಿನ ಪಕ್ಕ ಬಂದು ನಿಲ್ಲುತ್ತಿದ್ದವು. ‘ನಾಗರಹಾವು’ ಚಿತ್ರವನ್ನು ಚಿತ್ರದುರ್ಗದ ಕಲ್ಲುಬಂಡೆಗಳಿಂದ ಬಿಡಿಸಿ ಯೋಚಿಸಲು ಸಾಧ್ಯವೇ? ಮುಖ್ಯ ಪಾತ್ರಕ್ಕೆ ಹೊಸಬರನ್ನು ತಂದು, ಹೆಸರು ಬದಲಿಸಿ, ತಿದ್ದಿ ನಿಲ್ಲಿಸುವ ಎದೆಗಾರಿಕೆಯೂ ಇತ್ತು. 1972ರಲ್ಲಿ ಸಂಪತ್ ಕುಮಾರ್ ವಿಷ್ಣುವರ್ಧನ್ ಆದದ್ದು, ಅಮರನಾಥ್ ಅಂಬರೀಶ್ ಆಗಿ ತೆರೆಗೆ ಬಂದದ್ದು ಹಾಗೆ.

ಈ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ‘ಪದಿನಾರು ವಯದಿನಿಲೇ’ ನೋಡಬೇಕು. ಮೂವರು ಗಂಡಸರ ನಡುವೆ ಹಳ್ಳಿಯ ಹುಡುಗಿ. ಪೇಟೆಯಿಂದ ಬಂದ ದನದ ಡಾಕ್ಟರನನ್ನು ನಂಬುತ್ತಾಳೆ, ಮೋಸ ಹೋಗುತ್ತಾಳೆ, ತಾನು ಹೀನಾಯ ಮಾಡಿದ್ದ ಕುಂಟನಲ್ಲಿ ಕೊನೆಗೆ ಮನುಷ್ಯನನ್ನು ಕಾಣುತ್ತಾಳೆ. ಎಲ್ಲರಿಗಿಂತ ದೊಡ್ಡ ತಾರೆ ಕಮಲ್, ಆದರೆ ಚಿತ್ರ ಮಯಿಲ್‌ಳದ್ದು. ಅದೂ ಇರಲಿ, ಒಂದು ವರ್ಷದ ಹಿಂದಷ್ಟೇ ಪುಟ್ಟಣ್ಣನ ‘ಕಥಾಸಂಗಮ’ದ ‘ಮುನಿತಾಯಿ’ ಭಾಗದಲ್ಲಿ ರಜನಿಕಾಂತ್ ಕುರುಡು ಹೆಣ್ಣಿನ ಮೇಲೆರಗುವ ಹಳ್ಳಿಯ ಪುಂಡನಾಗಿದ್ದರು. ಪರಟ್ಟೈ ಅವನ ಕಸಿನ್ ಎಂದರೆ ತಪ್ಪಾಗದು. ಗುರುವಿನಿಂದ ಶಿಷ್ಯ ನಕಲು ಮಾಡಿದ ಎಂದು ಇದರ ಅರ್ಥವಲ್ಲ. ಯಾವ ಮುಖ ಯಾವ ಪಾತ್ರಕ್ಕೆ ಒಗ್ಗುತ್ತದೆಂಬ ಲೆಕ್ಕ ಇಬ್ಬರದೂ ಒಂದೇ ಕಡೆಯಿಂದ ಬಂದಂತಿದೆ.

ಇತ್ತ ಇಳಯರಾಜರ ಪಾಠವೂ ಕನ್ನಡದ ಕೋಣೆಯಲ್ಲೇ ನಡೆದಿತ್ತು. 1968ರಲ್ಲಿ ಅಣ್ಣತಮ್ಮಂದಿರು ಮದ್ರಾಸಿಗೆ ಬಂದರು. ಧನರಾಜ್ ಮಾಸ್ಟರ್ ಬಳಿ ಪಾಶ್ಚಾತ್ಯ ಸಂಗೀತದ ಅಭ್ಯಾಸ ನಡೆಯಿತು. ಹೊಟ್ಟೆಪಾಡಿಗೆ ಗಿಟಾರು ಹಿಡಿದು ರೆಕಾರ್ಡಿಂಗ್‌ಗಳಿಗೆ ಹೋದ ಅವರನ್ನು ಜಿ.ಕೆ. ವೆಂಕಟೇಶ್ ಸಹಾಯಕರನ್ನಾಗಿ ಇಟ್ಟುಕೊಂಡರು. ‘ಕಸ್ತೂರಿ ನಿವಾಸ’, ‘ಬಂಗಾರದ ಮನುಷ್ಯ’ದ ಜಿ.ಕೆ. ವೆಂಕಟೇಶ್. ಅವರ ಜತೆ ಇಳಯರಾಜ ದುಡಿದ ಸುಮಾರು 200 ಚಿತ್ರಗಳಲ್ಲಿ ಹೆಚ್ಚಿನವು ಕನ್ನಡದವು. 1976ರಲ್ಲಿ ‘ಅನ್ನಕ್ಕಿಳಿ’ಯಿಂದ ಅವರು ಸ್ವತಂತ್ರ ಸಂಗೀತ ನಿರ್ದೇಶಕರಾದರು. ಹಳೆಯ ಗೆಳೆಯನ ಮೊದಲ ಚಿತ್ರಕ್ಕೆ ಅವರು ಸಿದ್ಧರಾಗಿ ನಿಂತಿದ್ದರು.

ಆ ಚಿತ್ರದ ಮೊದಲ ಹೆಸರು ‘ಮಯಿಲ್’. ಕಪ್ಪು-ಬಿಳುಪಿನಲ್ಲಿ, ಸರ್ಕಾರಿ ಸಾಲದಲ್ಲಿ, ಕಲಾತ್ಮಕ ಎನ್ನುತ್ತಾರಲ್ಲ ಆ ದಾರಿಯಲ್ಲಿ ಮಾಡುವುದು ಭಾರತಿರಾಜರ ಎಣಿಕೆಯಾಗಿತ್ತು. ಚಲನಚಿತ್ರ ಅಭಿವೃದ್ಧಿ ನಿಗಮದಿಂದ ಹಣ ಸಿಗಲಿಲ್ಲ. ಸಿಕ್ಕಿದ್ದರೆ ಏನಾಗುತ್ತಿತ್ತೋ. ಬಹುಶಃ ಪ್ರಶಸ್ತಿ ಸಮಿತಿಗಳು ನೋಡಿ ಮೆಚ್ಚುವ, ತೇನಿಯ ಟೂರಿಂಗ್ ಟಾಕೀಸಿಗೆ ಎಂದೂ ತಲುಪದ ಚಿತ್ರವೊಂದು ತಯಾರಾಗುತ್ತಿತ್ತು. ನಿರಾಕರಣೆಯೇ ಒಳ್ಳೆಯದಾಯಿತೆಂದು ತೋರುತ್ತದೆ. ಎಸ್.ಎ. ರಾಜಕಣ್ಣು ಎಂಬ ನಿರ್ಮಾಪಕ ಹಣ ಹಾಕಲು ಒಪ್ಪಿದರು. ಚಿತ್ರ ಬಣ್ಣಕ್ಕೆ ತಿರುಗಿತು, ತಾರೆಗಳು ಬಂದರು, ಹಾಡು ಬಂದವು. ಕಥೆ ಮಾತ್ರ ಬದಲಾಗಲಿಲ್ಲ.

ಬಜೆಟ್ಟು ಸುಮಾರು 5 ಲಕ್ಷ ರೂಪಾಯಿ ಎನ್ನುತ್ತಾರೆ. ಬಣ್ಣದ ಚಿತ್ರಕ್ಕೆ ಅದು ಬಿಗಿ ಹಣ. ಛಾಯಾಗ್ರಾಹಕ ಪಿ.ಎಸ್. ನಿವಾಸ್ ಕೇರಳದವರು, ‘ಮೋಹಿನಿಯಾಟ್ಟಂ’ ಚಿತ್ರಕ್ಕೆ ರಾಷ್ಟ್ರಪ್ರಶಸ್ತಿ ಪಡೆದಿದ್ದವರು. ಕನಸಿನಂತೆ ನಿಧಾನಗತಿಯಲ್ಲಿ ಓಡುವ ದೃಶ್ಯಗಳು ನಿರ್ದೇಶಕನಿಗೆ ಬೇಕಿದ್ದವು, ಅದಕ್ಕೆ ಬೇಕಾದ ವೇಗದ ಕ್ಯಾಮೆರಾ ಬಾಡಿಗೆಗೆ ತರಲು ದುಡ್ಡಿರಲಿಲ್ಲ. ಏನು ಮಾಡುವುದು? ಶ್ರೀದೇವಿಯನ್ನೇ ನಿಧಾನವಾಗಿ ಓಡುವಂತೆ ಹೇಳಿದರು. ನಟಿ ತೇಲುತ್ತ ಓಡಿದಳು, ಕ್ಯಾಮೆರಾ ಎಂದಿನ ವೇಗದಲ್ಲೇ ತಿರುಗಿತು. ತಂತ್ರಜ್ಞಾನ ಗೊತ್ತಿಲ್ಲದೆ ಮಾಡಿದ ಪೇಚಾಟವಲ್ಲ ಇದು. ಸಲಕರಣೆ ಇಲ್ಲದಿದ್ದರೆ ಅದರ ಪರಿಣಾಮವನ್ನು ಬೇರೆ ದಾರಿಯಿಂದ ಹೇಗೆ ತರಬೇಕೆಂದು ನಾಟಕದವನಿಗೆ ತಿಳಿದಿರುತ್ತದೆ. ಹಳ್ಳಿಯ ರಂಗದ ಮೇಲೆ ಮಳೆ ಸುರಿಸಿದವನಿಗೆ ಇದೇನು ಮಹಾ.

ಚಿತ್ರ ಮುಗಿದಾಗ ಕೊಳ್ಳುವವರಿಲ್ಲ. ಕೋಮಣ ಕಟ್ಟಿದ ಕಮಲ್‌ನನ್ನು ಯಾರು ನೋಡುತ್ತಾರೆ ಎಂಬುದು ವಿತರಕರ ಮಾತು. ರಾಜಕಣ್ಣು ತಾವೇ ಬಿಡುಗಡೆ ಮಾಡಿದರು. ಚಿತ್ರ 175 ದಿನ ಓಡಿತು. ‘ಸೆಂದೂರ ಪೂವೇ’ ಹಾಡಿಗೆ ಎಸ್. ಜಾನಕಿ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ಇಲ್ಲಿ ಒಂದು ತಕರಾರು ಎತ್ತಲೇಬೇಕು. ಸ್ಟುಡಿಯೊದಿಂದ ಹಳ್ಳಿಗೆ ಕ್ಯಾಮೆರಾ ಒಯ್ದ ಮೊದಲಿಗ ಭಾರತಿರಾಜ ಎಂದು ತಮಿಳು ಪತ್ರಿಕೆಗಳು ಬರೆಯುವುದುಂಟು. ಅದು ಪೂರ್ತಿ ನಿಜವಲ್ಲ. ‘ಅನ್ನಕ್ಕಿಳಿ’ ಅದಕ್ಕೆ ಒಂದು ವರ್ಷ ಮೊದಲೇ ನೀಲಗಿರಿ ತಪ್ಪಲಿನ ತೆಂಗುಮರಹಾಡದಲ್ಲಿ ಚಿತ್ರೀಕರಣವಾಗಿತ್ತು. ಕನ್ನಡದಲ್ಲಂತೂ 1970ರ ‘ಸಂಸ್ಕಾರ’ದಿಂದ 1975ರ ‘ಚೋಮನ ದುಡಿ’ಯವರೆಗೆ ಕ್ಯಾಮೆರಾ ಅಗ್ರಹಾರ, ಗದ್ದೆ, ಕೇರಿಗಳಲ್ಲೇ ಓಡಾಡಿಕೊಂಡಿತ್ತು. ಭಾರತಿರಾಜ ಮಾಡಿದ್ದು ಬೇರೆ. ಹೊಸ ಅಲೆಯ ಹೊರಾಂಗಣವನ್ನೂ ಜನಪ್ರಿಯ ಸಿನಿಮಾದ ಹಾಡು, ಕಣ್ಣೀರು, ಕೇಡಿಯನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ್ದು. ಆ ಹದವನ್ನು ಅವರಿಗೂ ಮೊದಲು ದಕ್ಷಿಣದಲ್ಲಿ ಚೆನ್ನಾಗಿ ಬಲ್ಲವರು ಪುಟ್ಟಣ್ಣನೇ.

ಮುಂದಿನ ನಾಲ್ಕು ವರ್ಷ ಒಬ್ಬ ಹೊಸ ನಿರ್ದೇಶಕ ತನ್ನನ್ನೇ ಪರೀಕ್ಷೆ ಮಾಡಿಕೊಂಡ ಬಗೆ ಕುತೂಹಲದ್ದು. 1978ರಲ್ಲಿ ‘ಕಿಳಕ್ಕೇ ಪೋಗುಂ ರೈಲ್’. ಕವಿಯಾಗಬೇಕೆಂಬ ಕ್ಷೌರಿಕನ ಮಗ, ಅವನ ಪ್ರೀತಿ, ಊರಿನ ಜಾತಿ. ನಾಯಕ ಸುಧಾಕರ್, ನಾಯಕಿ ರಾಧಿಕಾ, ಇಬ್ಬರಿಗೂ ಅದೇ ಮೊದಲ ದೊಡ್ಡ ಅವಕಾಶ. ಎರಡೂ ಗೆದ್ದ ಮೇಲೆ ‘ಇವನಿಗೆ ಹಳ್ಳಿ ಬಿಟ್ಟರೆ ಬೇರೆ ಬಾರದು’ ಎಂಬ ಮಾತು ಹುಟ್ಟಿತು. ಅದೇ ವರ್ಷ ಅವರು ಕೊಟ್ಟ ಉತ್ತರ ‘ಸಿಗಪ್ಪು ರೋಜಾಕ್ಕಳ್’: ಪೇಟೆಯ ಬಂಗಲೆ, ಹೆಣ್ಣುಗಳನ್ನು ಕೊಂದು ತೋಟದಲ್ಲಿ ಹೂಳುವ ಶ್ರೀಮಂತ, ಅದೇ ಕಮಲ್. ಮರುವರ್ಷ ‘ಪುದಿಯ ವಾರ್ಪುಗಳ್’, ಮತ್ತೆ ಹಳ್ಳಿ.

ಎಡವಿದ್ದೂ ಉಂಟು. 1979ರಲ್ಲಿ ‘ಪದಿನಾರು ವಯದಿನಿಲೇ’ಯನ್ನು ತಾವೇ ಹಿಂದಿಯಲ್ಲಿ ‘ಸೋಲ್ವಾ ಸಾವನ್’ ಎಂದು ಮಾಡಿದರು. ಚಪ್ಪಾಣಿಯ ಜಾಗದಲ್ಲಿ ಅಮೋಲ್ ಪಾಲೇಕರ್, ಮಯಿಲ್ ಪಾತ್ರಕ್ಕೆ ಶ್ರೀದೇವಿಯೇ. ಹಿಂದಿಯಲ್ಲಿ ನಾಯಕಿಯಾಗಿ ಶ್ರೀದೇವಿಗೆ ಮೊದಲ ಚಿತ್ರವಾದದ್ದೊಂದು ಬಿಟ್ಟರೆ ಬೇರೆ ಕಾರಣಕ್ಕೆ ಅದನ್ನು ಯಾರೂ ನೆನೆಯುವುದಿಲ್ಲ. ಕಥೆ ಅದೇ, ನಿರ್ದೇಶಕ ಅವನೇ, ನಾಯಕಿ ಅವಳೇ, ಆದರೂ ಸೋತಿತು. ಹಳ್ಳಿ ಯಾವುದೆಂದು ನೋಡುಗನಿಗೆ ಗುರುತು ಸಿಗಲಿಲ್ಲ. 1980ರ ‘ನಿಳಲ್ಗಳ್’ ಕೆಲಸವಿಲ್ಲದ ಪಟ್ಟಣದ ಹುಡುಗರ ಚಿತ್ರ. ಇಳಯರಾಜರ ಹಾಡುಗಳು ಉಳಿದವು, ಚಿತ್ರ ಮಲಗಿತು. ಆದರೆ ಅದರಲ್ಲಿ ಮೊದಲ ಹಾಡು ಬರೆದ ಯುವಕ ವೈರಮುತ್ತು ಪೆರಿಯಕುಳಂ ಬಳಿಯ ವಡುಗಪಟ್ಟಿಯವರು. ವೈಗೈ ಅಣೆಕಟ್ಟು ಕಟ್ಟುವಾಗ ಹುಟ್ಟೂರು ಬಿಟ್ಟು ಎದ್ದ ಕುಟುಂಬದ ಹುಡುಗ. ಆ ಎತ್ತಂಗಡಿಯನ್ನೇ ಕಾದಂಬರಿ ಮಾಡಿ 2003ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ನಿರ್ದೇಶಕ ಅಲ್ಲಿನಗರ, ಸಂಗೀತ ಪಣ್ಣೈಪುರ, ಸಾಹಿತ್ಯ ವಡುಗಪಟ್ಟಿ — ಮೂರೂ ಇವತ್ತಿನ ತೇನಿ ಜಿಲ್ಲೆಯೊಳಗೇ ಬರುತ್ತವೆ. 1981ರ ‘ಅಲೈಗಳ್ ಓಯ್ವದಿಲ್ಲೈ’ಯಲ್ಲಿ ಬ್ರಾಹ್ಮಣ ಹುಡುಗ ಜನಿವಾರ ಹರಿದು, ಕ್ರೈಸ್ತ ಹುಡುಗಿ ಶಿಲುಬೆ ಕಳಚಿ ಒಂದಾಗುವಾಗ ಥಿಯೇಟರುಗಳು ಮತ್ತೆ ತುಂಬಿದವು. ಅದರ ತೆಲುಗು ರೂಪ ‘ಸೀತಾಕೋಕ ಚಿಲುಕ’ಕ್ಕೆ ರಾಷ್ಟ್ರಪ್ರಶಸ್ತಿ ಬಂತು.

ಹೊಸಬರ ವಿಷಯದಲ್ಲಿ ಗುರುವನ್ನೂ ಮೀರಿಸಿದರು. ಮದುರೈ ಮೀನಾಕ್ಷಿ ದೇವಸ್ಥಾನದ ಬಳಿ ಬಳೆ ಮಾರುತ್ತಿದ್ದ ಹುಡುಗನನ್ನು ಕಂಡು 1983ರ ‘ಮಣ್ ವಾಸನೈ’ಗೆ ನಾಯಕನನ್ನಾಗಿ ಮಾಡಿದರು, ಅವನೇ ಪಾಂಡಿಯನ್. ನಾಯಕಿ ರೇವತಿಗೂ ಅದೇ ಮೊದಲ ಚಿತ್ರ. ರಾಧಿಕಾ, ರತಿ, ರಾಧಾ, ರೇವತಿ, ರೇಖಾ, ರಂಜಿತಾ — ಅವರ ನಾಯಕಿಯರ ಹೆಸರು ‘ರ’ ಬಿಟ್ಟು ಶುರುವಾಗುವುದು ಅಪರೂಪ. ಹೊಸಬರಿಗೆ ಪ್ರತಿ ದೃಶ್ಯವನ್ನೂ ತಾವೇ ಅಭಿನಯಿಸಿ ತೋರಿಸುತ್ತಿದ್ದರು, ನಾಚಿಕೊಳ್ಳುವ ಹುಡುಗಿಯ ಪಾತ್ರವನ್ನೂ ಸೇರಿಸಿ. ಸಂಭಾವನೆ ಕಡಿಮೆ ಎಂಬ ಲಾಭವೂ ಇತ್ತೆನ್ನಿ. ಆದರೆ ಮುಖ್ಯ ಸಂಗತಿ ಬೇರೆ: ಪಳಗಿದ ನಟ ತನ್ನ ಹಳೆಯ ಚಿತ್ರಗಳನ್ನೂ ಹೊತ್ತು ಬರುತ್ತಾನೆ, ಬಳೆ ಮಾರುವವನಿಗೆ ಆ ಹೊರೆ ಇಲ್ಲ. ಹೊರೆ ಇದ್ದವರನ್ನೂ ಅವರು ಇಳಿಸಬಲ್ಲವರಾಗಿದ್ದರು. 1985ರ ‘ಮುದಲ್ ಮರಿಯಾದೈ’ಯಲ್ಲಿ ಶಿವಾಜಿ ಗಣೇಶನ್‌ರಂಥ ಗರ್ಜನೆಯ ನಟ ಊರ ಹಿರಿಯನಾಗಿ ತಗ್ಗಿದ ದನಿಯಲ್ಲಿ ಮಾತಾಡಿದ್ದಾರೆ. 1986ರ ‘ಕಡಲೋರ ಕವಿದೈಗಳ್’ ನಮ್ಮವರಿಗೆ ಬೇರೆ ಹೆಸರಿನಲ್ಲಿ ಗೊತ್ತು, ಬಿ.ಸಿ. ಪಾಟೀಲ್, ಪ್ರೇಮಾ ನಟಿಸಿದ ‘ಕೌರವ’ ಅದರ ಕನ್ನಡ ರೂಪ.

ಅವರ ಸೆಟ್ಟೇ ಶಾಲೆಯಾಯಿತು. ‘ಪದಿನಾರು ವಯದಿನಿಲೇ’ಯಲ್ಲಿ ಸಹಾಯಕನಾಗಿದ್ದ ಕೆ. ಭಾಗ್ಯರಾಜ್, ‘ಸಿಗಪ್ಪು ರೋಜಾಕ್ಕಳ್’ಗೆ ಸಂಭಾಷಣೆ ಬರೆದು, ‘ಪುದಿಯ ವಾರ್ಪುಗಳ್’ಗೆ ನಾಯಕನಾಗಿ, ಆಮೇಲೆ ತಾವೇ ದೊಡ್ಡ ನಿರ್ದೇಶಕರಾದರು, ಅವರ ಸಹಾಯಕರಾಗಿದ್ದ ಪಾಂಡಿಯರಾಜನ್, ಪಾರ್ತಿಬನ್ ಕೂಡ ನಿರ್ದೇಶಕರಾದರು. ‘ಕಿಳಕ್ಕೇ ಪೋಗುಂ ರೈಲ್’ ನೋಡಿ ಮನಸೋತ ಮಣಿವಣ್ಣನ್ ನೂರು ಪುಟ ಮೀರಿದ ಪತ್ರ ಬರೆದು ಭಾರತಿರಾಜರ ಬಳಿ ಕೆಲಸ ಗಿಟ್ಟಿಸಿದ ಕಥೆ ಪ್ರಸಿದ್ಧ. ‘ನಿಳಲ್ಗಳ್’, ‘ಅಲೈಗಳ್ ಓಯ್ವದಿಲ್ಲೈ’ ಎರಡರ ಕಥೆಯೂ ಅವರದೇ. ಸಿನಿಮಾ ಶಾಲೆಯ ಮೆಟ್ಟಿಲು ಹತ್ತದ ಭಾರತಿರಾಜ 2017ರಲ್ಲಿ ಚೆನ್ನೈನಲ್ಲಿ ತಮ್ಮ ಹೆಸರಿನ ಸಿನಿಮಾ ಶಾಲೆಯನ್ನೇ ತೆರೆದರು.

ಅವರ ಹಳ್ಳಿ ಕ್ರಮೇಣ ಒಂದು ಅಚ್ಚಾಯಿತು ಎಂಬುದನ್ನೂ ಹೇಳಬೇಕು. ಬಿಳಿ ಸೀರೆಯ ಹೆಂಗಸರು ತೇಲಿ ಬರುವ ಹಾಡು, ಹಾರುವ ಹಕ್ಕಿಗಳಿಗೆ ಕತ್ತರಿಸುವ ಶಾಟು, ಆರಂಭದಲ್ಲಿ ಒರಟು ಕಂಠದಲ್ಲಿ ತಮಿಳು ಜನರನ್ನು ಪ್ರೀತಿಯಿಂದ ಕರೆದು ಮಾತಾಡಿಸುವ ನಿರ್ದೇಶಕ. ಮೊದಮೊದಲು ಅವರ ಗುರುತಾಗಿದ್ದವು ಆಮೇಲೆ ಮಿಮಿಕ್ರಿ ಕಲಾವಿದರ ಬಂಡವಾಳವಾದವು. ಅನುಕರಿಸಿದವರಂತೂ ಮಣ್ಣನ್ನು ಬಿಟ್ಟು ಬಿಳಿ ಸೀರೆಯನ್ನಷ್ಟೇ ಎತ್ತಿಕೊಂಡರು. ಆದರೂ ಉಸಿಲಂಪಟ್ಟಿ ಕಡೆಯ ಹೆಣ್ಣು ಶಿಶುಹತ್ಯೆ ಕುರಿತು 1994ರಲ್ಲಿ ‘ಕರುತ್ತಮ್ಮಾ’ ಮಾಡಿದಾಗ ಹಳೆಯ ಹೆಲ್ತ್ ಇನ್‌ಸ್ಪೆಕ್ಟರ್ ಇನ್ನೂ ಬದುಕಿರುವುದು ಗೊತ್ತಾಗುತ್ತದೆ.

ಕಣಿವೆಯಿಂದ ಬಂದ ಮುಂದಿನವರು ಹಳ್ಳಿಯನ್ನು ಹಾಗೆ ಪ್ರೀತಿಸಲಿಲ್ಲ. ತೇನಿ ಜಿಲ್ಲೆಯ ಬಾಲಾ, ಬಾಲು ಮಹೇಂದ್ರರ ಬಳಿ ಕೆಲಸ ಕಲಿತು 1999ರಲ್ಲಿ ‘ಸೇತು’ ಮುಗಿಸಿದಾಗ ಅದನ್ನೂ ಕೊಳ್ಳುವವರಿರಲಿಲ್ಲ. ಚಿತ್ರ ಬಾಯಿಂದ ಬಾಯಿಗೆ ಹಬ್ಬಿಯೇ ಗೆದ್ದಿತು. ಕನ್ನಡದಲ್ಲಿ ಅದು 2001ರ ‘ಹುಚ್ಚ’. ಸುದೀಪ್ ಅವರನ್ನು ಮನೆಮಾತಾಗಿಸಿದ ಚಿತ್ರ. ಬಾಲಾ ತೋರಿಸುವ ಲೋಕದಲ್ಲಿ ಸೂರ್ಯಕಾಂತಿ ಹೊಲಗಳಿಲ್ಲ. ಸ್ಮಶಾನ, ಹುಚ್ಚಾಸ್ಪತ್ರೆ, ಭಿಕ್ಷುಕರ ದಂಧೆ. 2013ರ ‘ಪರದೇಶಿ’ಯಲ್ಲಿ ಚಹಾ ತೋಟದ ಜೀತ.

ದಿಂಡಿಗಲ್ ಜಿಲ್ಲೆಯ ಒಡ್ಡನ್‌ಛತ್ರಂ ಕಡೆಯ ಸುಸೀಂದ್ರನ್ 2009ರಲ್ಲಿ ‘ವೆಣ್ಣಿಲಾ ಕಬಡ್ಡಿ ಕುಳು’ ಮಾಡಿದರು. ಪಳನಿ ಸೀಮೆಯ ಸೋಲುವ ಕಬಡ್ಡಿ ತಂಡದ ಕಥೆ. ಅವರೇ 2011ರಲ್ಲಿ ತೇನಿಯ ಕಥೆಗಾರ ಭಾಸ್ಕರ್ ಶಕ್ತಿ ಅವರ ಕಥೆಯಿಂದ ‘ಅಳಗರ್‌ಸಾಮಿಯಿನ್ ಕುದಿರೈ’ ತೆಗೆದರು. ಊರ ದೇವರ ಮರದ ಕುದುರೆ ಕಾಣೆಯಾಗುತ್ತದೆ, ಅದೇ ಹೊತ್ತಿಗೆ ಜೀವಂತ ಕುದುರೆಯೊಂದು ಊರಿಗೆ ಬರುತ್ತದೆ. ದೇವರೇ ಬಂದನೆಂದು ಊರು ಅದನ್ನು ಕಟ್ಟಿಹಾಕುತ್ತದೆ. ಕುದುರೆಯ ಯಜಮಾನನಾಗಿ ಕುಳ್ಳಗೆ, ದಪ್ಪಗಿನ ಅಪ್ಪುಕುಟ್ಟಿ. ಯಾವ ಲೆಕ್ಕಕ್ಕೂ ನಾಯಕನ ಮೈಕಟ್ಟಲ್ಲ, ರಾಷ್ಟ್ರಪ್ರಶಸ್ತಿ ಮಾತ್ರ ಅವರಿಗೇ ಬಂತು. ಛಾಯಾಗ್ರಹಣ ತೇನಿ ಈಶ್ವರ್, ಸಂಗೀತ ಇಳಯರಾಜ. ಈ ಸೀಮೆಯ ಚಿತ್ರಗಳಲ್ಲಿ ಇಷ್ಟು ನಗು ಇರುವುದು ಕಡಿಮೆ.

ಕನ್ನಡ ಓದುಗರು ಹುಡುಕಿ ನೋಡಲೇಬೇಕಾದದ್ದು ಲೆನಿನ್ ಭಾರತಿ ಅವರ ‘ಮೇರ್ಕು ತೊಡರ್ಚಿ ಮಲೈ’. ತೇನಿ ಕಡೆಯ ಕುರುಬನ ಪಾತ್ರದಲ್ಲಿ 2010ರ ‘ತೆನ್ಮೇರ್ಕು ಪರುವಕಾಟ್ರು’ ಚಿತ್ರದಿಂದ ನಾಯಕನಾದ ವಿಜಯ್ ಸೇತುಪತಿ ಇದರ ನಿರ್ಮಾಪಕ, ಆದರೆ ನಟಿಸಲಿಲ್ಲ. ತಾರೆಯೇ ಇಲ್ಲದ ಚಿತ್ರ ಬಿಡುಗಡೆಯಾಗಲು ಬಹಳ ಕಾಲ ಕಾಯಬೇಕಾಯಿತು. 2018ರ ಆಗಸ್ಟ್ 24ರಂದು ಬಂತು. ತಮಿಳುನಾಡಿನ ತಪ್ಪಲಿಗೂ ಕೇರಳದ ಏಲಕ್ಕಿ ತೋಟಗಳಿಗೂ ನಡುವಿನ ಬೆಟ್ಟದಾರಿಯಲ್ಲಿ ಹೊರೆ ಹೊರುವ ರಂಗಸಾಮಿ ಒಂದು ತುಂಡು ಜಮೀನು ಕೊಳ್ಳಬೇಕೆಂದಿದ್ದಾನೆ. ಅದೇ ಕಥೆ. ಚಿತ್ರದ ಮೊದಲ ಭಾಗದಲ್ಲಿ ಹತ್ತುವುದು, ಇಳಿಯುವುದು, ಚಹಾ ಕುಡಿಯುವುದು, ದಾರಿಯಲ್ಲಿ ಸಿಕ್ಕವರ ಹತ್ತಿರ ಎರಡು ಮಾತಾಡುವುದು ಬಿಟ್ಟರೆ ಏನೂ ನಡೆಯುವುದಿಲ್ಲ. ನಟರಲ್ಲಿ ಹೆಚ್ಚಿನವರು ಆ ಊರಿನವರೇ. ಒಂದು ದಿನ ರಂಗಸಾಮಿ ಜಮೀನಿನ ಹಣಕ್ಕೆಂದು ಹೊತ್ತು ತರುವ ಏಲಕ್ಕಿ ಮೂಟೆ ಜಾರಿ ಬೆಟ್ಟದಿಂದ ಉರುಳಿ ಒಡೆಯುತ್ತದೆ. ಕ್ಯಾಮೆರಾ ಅದನ್ನು ದೂರದಿಂದ ನೋಡುತ್ತದೆ, ಯಾರ ಮುಖದ ಹತ್ತಿರವೂ ಹೋಗುವುದಿಲ್ಲ. ಭಾರತಿರಾಜರಾಗಿದ್ದರೆ ಅಲ್ಲಿ ಖಂಡಿತ ಒಂದು ಮುಖ, ಒಂದು ಹಕ್ಕಿ, ಒಂದು ಕೋರಸ್ ಇರುತ್ತಿತ್ತು. ಭೂಮಿ ಸಿಕ್ಕಿ, ಗೊಬ್ಬರದ ಸಾಲಕ್ಕೆ ಸಿಲುಕಿ, ಕೈತಪ್ಪಿ, ಗಾಳಿಯಂತ್ರಗಳ ಕಂಪನಿಯ ಪಾಲಾಗುವವರೆಗೂ ಚಿತ್ರದ ದನಿ ಏರುವುದಿಲ್ಲ. ಪಾವಲರ್ ವರದರಾಜನ್ ಹಾಡಿ ತಿರುಗಿದ ಅದೇ ಕೆಂಬಾವುಟದ ಹಳ್ಳಿಗಳು ಇವು. ಚಿತ್ರದ ಕಾರ್ಮಿಕ ಮುಖಂಡನ ಪಾತ್ರದಲ್ಲಿ ಆ ಚರಿತ್ರೆ ಉಸಿರಾಡುತ್ತದೆ, ಸೋಲುವುದೂ ಕಾಣುತ್ತದೆ. ಇದರ ಕ್ಯಾಮೆರಾ ಕೂಡ ತೇನಿ ಈಶ್ವರ್ ಅವರದೇ.

ಪಕ್ಕದ ಉಸಿಲಂಪಟ್ಟಿಯ ಎಂ. ಮಣಿಕಂಠನ್ ಮದುವೆ ಫೋಟೊ ತೆಗೆದು ಹಣ ಕೂಡಿಟ್ಟುಕೊಂಡು ಸಿನಿಮಾಕ್ಕೆ ಬಂದವರು. 2010ರ ಅವರ ಕಿರುಚಿತ್ರ ‘ವಿಂಡ್’ ನಿರ್ದೇಶಕ ವೆಟ್ರಿಮಾರನ್ ಕಣ್ಣಿಗೆ ಬಿತ್ತು, ಅವರ ನಿರ್ಮಾಣದಲ್ಲಿ ‘ಕಾಕ್ಕಾ ಮುಟ್ಟೈ’ ಬಂತು. ಅದರ ನೆಲ ಚೆನ್ನೈನ ಕೊಳೆಗೇರಿ. ತಮ್ಮ ಸೀಮೆಗೆ ಮರಳಿ 2022ರಲ್ಲಿ ‘ಕಡೈಸಿ ವಿವಸಾಯಿ’ ಕೊಟ್ಟಾಗ ನಾಯಕ ನಲ್ಲಾಂಡಿ ಎಂಬ ನಿಜವಾದ ಮುದಿ ರೈತ. ಚಿತ್ರ ಬಿಡುಗಡೆಯಾಗುವ ಹೊತ್ತಿಗೆ ಅವರು ತೀರಿಕೊಂಡಿದ್ದರು. ರಾಷ್ಟ್ರಪ್ರಶಸ್ತಿ ಸಮಿತಿ ಅವರಿಗೆ ವಿಶೇಷ ಮನ್ನಣೆ ನೀಡಿತು.

ಅದಕ್ಕೆ ತುಸು ಮೊದಲು, 2021ರ ಕೊನೆಯಲ್ಲಿ, ದಿಂಡಿಗಲ್ ಜಿಲ್ಲೆಗೆ ಹೊರಗಿನವರೂ ಬಂದರು. ಮಲಯಾಳಂ ನಿರ್ದೇಶಕ ಲಿಜೊ ಜೋಸ್ ಪೆಲ್ಲಿಶ್ಶೇರಿ ಪಳನಿ ಬಳಿಯ ಹಳ್ಳಿಯಲ್ಲಿ ‘ನನ್ಪಗಲ್ ನೇರತ್ತು ಮಯಕ್ಕಂ’ ಚಿತ್ರೀಕರಿಸಿದರು. ಬಸ್ಸು ನಿಲ್ಲಿಸಿ ಇಳಿಯುವ ಮಲಯಾಳಿ ಗೃಹಸ್ಥ ಮಮ್ಮುಟ್ಟಿ, ಅಲ್ಲಿಂದ ಕಾಣೆಯಾದ ತಮಿಳನೊಬ್ಬನ ಮನೆಗೆ ತನ್ನದೇ ಮನೆ ಎಂಬಂತೆ ನಡೆದು ಹೋಗುತ್ತಾನೆ, ಅಚ್ಚ ತಮಿಳಿನಲ್ಲಿ ಮಾತಾಡುತ್ತಾನೆ. ಚಿತ್ರದುದ್ದಕ್ಕೂ ಊರಿನ ಟಿ.ವಿ.ಗಳಿಂದ, ರೇಡಿಯೊಗಳಿಂದ ಹಳೆಯ ತಮಿಳು ಚಿತ್ರಗಳ ಹಾಡು, ಮಾತು ಕೇಳುತ್ತಲೇ ಇರುತ್ತವೆ. ಕ್ಯಾಮೆರಾ ಮತ್ತೆ ತೇನಿ ಈಶ್ವರ್. ಕೇರಳ ಸರ್ಕಾರ 2022ರ ಅತ್ಯುತ್ತಮ ಚಿತ್ರ ಪ್ರಶಸ್ತಿಯನ್ನು ಇದಕ್ಕೇ ಕೊಟ್ಟಿತು, ಅತ್ಯುತ್ತಮ ನಟ ಪ್ರಶಸ್ತಿ ಮಮ್ಮುಟ್ಟಿಗೆ ಹೋಯಿತು.